ಕದಲದ ಹಸಿರು ಅಂಕಿ

ಕೆಮಿ ಬಂದರು
18 ಸೆಪ್ಟೆಂಬರ್ 2013

ಅಪ್ಪಾ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಕಚ್ಚಾಡುತ್ತೇವೆ. ಹಡಗಿನ ಇ-ಮೇಲ್‌ನಲ್ಲಿ ಬರೆದರೆ ಕಂಪನಿಯ ಟುರ್ಕು ಆಫೀಸಿನಲ್ಲಿ ಯಾರ್ಯಾರು ಓದುತ್ತಾರೋ ದೇವರೇ ಬಲ್ಲ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕಲಾರೆ. ಬಂದರಿನ ಏಜೆಂಟರು ಅಜ್ಜನ ಕಾಲದಲ್ಲಿ ತಲುಪಿಸುತ್ತಿದ್ದ ಹಾಗೇ ಈಗಲೂ ತಲುಪಿಸುತ್ತಾರೆ.

ಸರಕಿನ ತೂಕ ಲೆಕ್ಕ ಹಾಕುವ ನಿನ್ನ ಕಂಪ್ಯೂಟರ್ ಪ್ರೋಗ್ರಾಮಿನ ಹೊಸ ಆವೃತ್ತಿ ಹಡಗಿಗೆ ಬಂತು. ತೆರೆದು ನೋಡಿ ನಂಬಲೇ ಇಲ್ಲ. ಪಕ್ಕದಲ್ಲಿ ಒಂದು ಖಾಲಿ ಚೌಕ. ಅದರೊಳಗೆ ನಾವೇ ಸ್ಕ್ರಿಪ್ಟ್ ಬರೆದು ನಮಗೆ ಬೇಕಾದ ಬಟನ್, ಪಟ್ಟಿ, ಅಂಕಿ ಇಟ್ಟುಕೊಳ್ಳಬಹುದಂತೆ! ಎರಡು ವರ್ಷದ ಹಿಂದೆ ಈಸ್ಟರ್ ಊಟಕ್ಕೆ ಕೂತಾಗ ನಾನು ಇದನ್ನೇ ಕೇಳಿದ್ದಕ್ಕೆ ಏನಂದೆ, ನೆನಪಿದೆಯಾ? "ನನ್ನ ಮನೆ ಗೋಡೆಗೆ ದಾರೀಲಿ ಹೋಗೋರೆಲ್ಲ ಮೊಳೆ ಹೊಡೆಯೋಕೆ ಬಿಡಲ್ಲ" ಅಂದೆ. ನಾನು ತಟ್ಟೆ ತಳ್ಳಿ ಎದ್ದು ಹೋದೆ. ಈಗ ನಿವೃತ್ತನಾಗುವ ಮೊದಲು ನೀನೇ ಗೋಡೆಗೆ ಕಿಂಡಿ ಕೊರೆದು ಹೋಗಿದ್ದೀಯ. ಯಾಕೆ ಅಂತ ಕೇಳುವುದಿಲ್ಲ. ಥ್ಯಾಂಕ್ಸ್ ಅಂತ ಮಾತ್ರ ಹೇಳಿ ಮುಗಿಸುತ್ತೇನೆ.

ನನ್ನ ಕಷ್ಟ ಇಷ್ಟು. ಹಡಗಿನ ಹೊಟ್ಟೆ ತುಂಬ ಮರದ ಕಟ್ಟುಗಳನ್ನು ತುಂಬಿದ ಮೇಲೆ ಡೆಕ್ ಮೇಲೂ ಮನೆಯೆತ್ತರ ಪೇರಿಸುತ್ತಾರೆ. ಹಡಗು ವಾಲಿದರೆ ತಿರುಗಿ ನೆಟ್ಟಗಾಗುವ ತಾಕತ್ತು ಎಷ್ಟು ಉಳಿದಿದೆ ಅಂತ ಕ್ಯಾಪ್ಟನ್ನಿನ ಕೆಳಗಿನ ಅಧಿಕಾರಿ, ಚೀಫ್ ಮೇಟ್ ಆದ ನಾನು ಕ್ಷಣಕ್ಷಣಕ್ಕೂ ನೋಡಬೇಕು. ಆ ಒಂದು ಅಂಕಿಯನ್ನು ನೀನು ಐದನೆಯ ಕಿಟಕಿಯ ಕೆಳಮೂಲೆಯಲ್ಲಿ ಇರುವೆಯ ಗಾತ್ರಕ್ಕೆ ಬರೆದು ಕೂರಿಸಿದ್ದೀಯ. ಚಳಿಯಲ್ಲಿ ಬೆರಳು ಮರಗಟ್ಟಿಸಿಕೊಂಡು ಒಳಗೆ ಬಂದು ಅದನ್ನು ಹುಡುಕಬೇಕು. ಕ್ಯಾಪ್ಟನ್ ರೌನೋ ಮೊನ್ನೆ ಕೇಳಿದರು: "ನಿಮ್ಮಪ್ಪ ಇದನ್ನ ಯಾರ ಮೇಲಿನ ಸಿಟ್ಟಿಗೆ ಮಾಡಿದ್ದು?"

ಆ ಅಂಕಿಯನ್ನು ನಿನ್ನ ಲೆಕ್ಕದಿಂದ ಎತ್ತಿ ನನ್ನ ಫಲಕದಲ್ಲಿ ದೊಡ್ಡದಾಗಿ ತೋರಿಸಬೇಕು. ಹೇಗೆ ಕೇಳುವುದು, ಎಷ್ಟು ಸಲ ಕೇಳಬಹುದು, ಬರಿ.

ರೌನೋ ವಸಂತಕ್ಕೆ ಇಳಿಯುತ್ತಾರೆ. ಅವರ ಜಾಗಕ್ಕೆ ನನ್ನ ಹೆಸರು ಹೋಗಿದೆ ಅಂತ ಆಫೀಸಿನವರು ಹೇಳಿದರು. ಅಮ್ಮನಿಗೆ ಹೇಳು, ಊರಿಗೆಲ್ಲ ಹೇಳಬೇಡ ಅಂತಲೂ ಹೇಳು.

ಬಾಯಿಬಡುಕಿ
ಡೀಸಾ


ಮರಿಯೆಹಾಮ್ನ್
3 ಅಕ್ಟೋಬರ್

ಡೀಸಾ,

ಕಾಗದ ಬಂತು. ಕನ್ನಡಕ ಹುಡುಕುವ ಸೋಮಾರಿತನಕ್ಕೆ ನಿನ್ನ ಅಮ್ಮ ನನ್ನಿಂದಲೇ ಎರಡು ಸಲ ಓದಿಸಿಕೊಂಡಳು. ಕ್ಯಾಪ್ಟನ್ ಆಗುವ ಸುದ್ದಿ ಬೇಕರಿಯವಳಿಗೆ ಆಗಲೇ ಗೊತ್ತಾಗಿದೆ. ನಾನಲ್ಲ ಹೇಳಿದ್ದು.

ಕಿಂಡಿ ಕೊರೆದದ್ದು ನಿನಗೋಸ್ಕರ ಅಂತ ಹಿಗ್ಗಬೇಡ. ಆಫೀಸಿನವರ ಕಾಟ ತಡೆಯಲಾಗಲಿಲ್ಲ, ಅಷ್ಟೇ. ನಾನು ಈಗಲೂ ಹೇಳುತ್ತೇನೆ, ಬೇಡವಾಗಿತ್ತು. ಒಳಗಿನ ಲೆಕ್ಕ ಸುಟ್ಟ ಇಟ್ಟಿಗೆ. ಒಮ್ಮೆ ಕಟ್ಟಿ ಹಡಗಿಗೆ ಕಳಿಸಿದ ಮೇಲೆ ಕಟ್ಟಿದವನೂ ಅದನ್ನು ಅಲ್ಲಾಡಿಸಲಾರ. ಏನೇ ಬದಲಾಗಬೇಕಾದರೂ ಇಲ್ಲಿ ಕೂತು ಮತ್ತೆ ಕಟ್ಟಿಯೇ ಕಳಿಸಬೇಕು. ನಿಮ್ಮ ಸ್ಕ್ರಿಪ್ಟ್ ಹಸಿ ಹಿಟ್ಟು. ಬೆಳಿಗ್ಗೆ ತಿದ್ದಿ ಬೆಳಿಗ್ಗೆಯೇ ನೋಡಬಹುದು. ಸುಲಭ, ಒಪ್ಪುತ್ತೇನೆ. ಸುಲಭವಾದದ್ದು ಕಂಡರೆ ನನಗೆ ಭಯ.

ಕೇಳುವ ವಿಧಾನವನ್ನು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಪದೇ ಪದೇ ಕೇಳಬೇಡ. ನಿನ್ನ ಸ್ಕ್ರಿಪ್ಟ್ ಯೋಚನೆ ಮಾಡುತ್ತ ಕೂತರೆ ನನ್ನ ಪರದೆಯೂ ಅದರ ಜೊತೆ ಹೆಪ್ಪುಗಟ್ಟುತ್ತದೆ, ಯಾಕೆಂದರೆ ಇಬ್ಬರೂ ಒಂದೇ ಮನೆಯಲ್ಲಿ ಇರುವುದು. ನನ್ನ ಲೆಕ್ಕವನ್ನು ನೀನು ಕೇಳಬಹುದು, ತಿದ್ದುವಂತಿಲ್ಲ. ಅದು ಕೊಟ್ಟದ್ದನ್ನು ಕೊಟ್ಟ ಹಾಗೇ ತೋರಿಸು. ಅಲಂಕಾರ ಬೇಡ.

ಇರುವೆ ಗಾತ್ರ ಅಂದೆಯಲ್ಲ. ನಾನು ಅದನ್ನು ಬರೆದಾಗ ಹಡಗಿನ ಪರದೆಯೇ ಊಟದ ತಟ್ಟೆಯಷ್ಟಿತ್ತು. ರೌನೋಗೆ ಹೇಳು, ಸಿಟ್ಟು ಅವರಂಥ ಫಿನ್ನರ ಮೇಲಿನದು, ನಾವು ಸ್ವೀಡಿಷ್ ಮಾತಾಡುವ ದ್ವೀಪದವರಲ್ಲವೇ.

ನಿಮ್ಮಮ್ಮ ಉಣ್ಣೆಯ ಕೈಗವಸು ಹೆಣೆಯುತ್ತಿದ್ದಾಳೆ. ಬೆರಳಿನ ತುದಿ ಬಿಟ್ಟು ಹೆಣೆ ಅಂತ ನಾನೇ ಹೇಳಿದೆ, ಬಟನ್ ಒತ್ತಲು.

ಮೊಳೆ ಹೊಡೆಯಲು ಬಿಟ್ಟವನು,
ಅಪ್ಪ


ಲ್ಯೂಬೆಕ್
11 ನವೆಂಬರ್

ಅಪ್ಪಾ,

ಆಯಿತು! ಒಂದು ವಾರ ಊಟದ ಹೊತ್ತಿನಲ್ಲೆಲ್ಲ ಕೂತು ಬರೆದೆ. ಅಂಗೈಯಗಲದ ಅಂಕಿ. ಹಡಗು ಗಟ್ಟಿಯಿದ್ದರೆ ಹಸಿರು, ಕಡಿಮೆಯಾದರೆ ಕೆಂಪು. ಕೆಳಗೆ ಬೆರಳಿನಲ್ಲಿ ಎಳೆಯುವ ಪಟ್ಟಿಗಳು: ಡೆಕ್ ಮೇಲಿನ ಮರ ಎಷ್ಟು ನೀರು ಕುಡಿದಿದೆ, ಎಷ್ಟು ಮಂಜುಗಡ್ಡೆ ಕೂತಿದೆ, ಎಲ್ಲವನ್ನೂ ಎಳೆದರೆ ಸಾಕು. ಬಾಗಿಲಲ್ಲಿ ನಿಂತೇ ಓದಬಹುದು. ರೌನೋ ನೋಡಿ, "ಕೊನೆಗೂ ಕಣ್ಣಿರೋರು ಯಾರೋ ಮಾಡಿದಾರೆ" ಅಂದರು. ಅವರ ಬಾಯಿಂದ ಇದು ಭಾಷಣಕ್ಕೆ ಸಮ.

ಒಂದು ತಾಪತ್ರಯವಿತ್ತು. ಹೊಸ ತೂಕ ಟೈಪ್ ಮಾಡುತ್ತಿರುವಾಗ ಅರ್ಧಂಬರ್ಧ ಅಂಕಿಗೆ ನಿನ್ನ ಲೆಕ್ಕ ಉತ್ತರವನ್ನೇ ಕೊಡುವುದಿಲ್ಲ. ಆಗೆಲ್ಲ ನನ್ನ ಫಲಕ ಖಾಲಿಯಾಗಿ, ಕೆಂಪಾಗಿ, ಮತ್ತೆ ಹಸಿರಾಗಿ ಮಿಣಮಿಣ ಅನ್ನುತ್ತಿತ್ತು. "ಇದೇನು ಕ್ರಿಸ್‌ಮಸ್ ಮರಾನಾ? ತಲೆನೋವು ಬರ್ತಿದೆ" ಅಂತ ರೌನೋ ಗೊಣಗಿದರು. ಒಂದೇ ಒಂದು ಸಾಲು ಸೇರಿಸಿ ಅದನ್ನು ನಿಲ್ಲಿಸಿದೆ. ಈಗ ತೆಪ್ಪಗೆ ನಿಂತಿದೆ, ಒಳ್ಳೆ ಹುಡುಗಿಯ ಹಾಗೆ.

ನಿನ್ನ ಐದು ಕಿಟಕಿಗಳನ್ನು ಈಗ ಯಾರೂ ತೆರೆಯುವುದೇ ಇಲ್ಲ. ಫಲಕ ಅವುಗಳ ಮೇಲೇ ಹರಡಿಕೊಂಡಿದೆ.

ಆಫೀಸಿನವರು ಎಲ್ಲ ಹಡಗಿಗೂ ಇದನ್ನು ಹಾಕುತ್ತೇವೆ ಅನ್ನುತ್ತಿದ್ದಾರೆ. "ಮೊದಲು ನಮ್ಮಪ್ಪ ನೋಡ್ಲಿ, ಆಮೇಲೆ ಹಾಕಿ" ಅಂತ ನಾನೇ ಹೇಳಿದೆ. ನಿನಗೆ ಕಳಿಸುತ್ತಾರೆ. ಒಂದು ಸಲ ಕಣ್ಣಾಡಿಸು. ಮತ್ತೆ, ಅಪ್ಪಾ, ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ಒಂದು ಸಾಲು ಬರೆದರೆ ನಿನ್ನ ಗಂಟೇನೂ ಹೋಗುವುದಿಲ್ಲ.

ಕಾಯುತ್ತಿರುವ
ಡೀಸಾ


ಲ್ಯೂಬೆಕ್
13 ಡಿಸೆಂಬರ್, ಲೂಸಿಯಾ ಹಬ್ಬ

ಅಪ್ಪಾ,

ಉತ್ತರ ಬರಲಿಲ್ಲ. ಮೂರು ಬಂದರಿನಲ್ಲಿ ಏಜೆಂಟನನ್ನು ಕೇಳಿ ಸಾಕಾಯಿತು. ಸರಿ ಬಿಡು. ನಾನು ಚಿಕ್ಕವಳಿದ್ದಾಗಿಂದ ಹಾಗೇ ಅಲ್ಲವೇ. ತಪ್ಪಿದ್ದರೆ ತಾನೆ ನೀನು ಬಾಯಿ ಬಿಡುವುದು. ಏನೂ ಅನ್ನಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂತ ತಿಳಿದುಕೊಂಡಿದ್ದೇನೆ. ಆಫೀಸಿನವರೂ ಹಾಗೇ ತಿಳಿದುಕೊಂಡು ನಮ್ಮ ನಾಲ್ಕೂ ಹಡಗಿಗೆ ಫಲಕ ಹಾಕಿದ್ದಾರೆ.

ಈ ಸಲದ ಪ್ರಯಾಣ ಸುಖವಿರಲಿಲ್ಲ. ಕೆಮಿ ಬಿಟ್ಟ ಮೇಲೆ ಆಲಿಕಲ್ಲು, ಹಿಮ, ಉಪ್ಪುನೀರಿನ ಸಿಡಿತ ಎಲ್ಲ ಒಟ್ಟಿಗೇ. ಡೆಕ್ ಮೇಲಿನ ಮರ ಹೊಟ್ಟೆತುಂಬ ನೀರು ಕುಡಿದಿತ್ತು. ಪಟ್ಟಿಯನ್ನು ಹದಿಮೂರರವರೆಗೆ ಎಳೆದೆ. ಹಡಗು ಒಂಥರಾ ಸೋಮಾರಿಯಾಗಿತ್ತು. ಒಂದು ಕಡೆ ವಾಲಿದರೆ ಎದ್ದೇಳಲು ಮನಸ್ಸೇ ಇಲ್ಲದ ಹಾಗೆ. ರೌನೋ ಕಾಫಿ ಲೋಟ ನೋಡುತ್ತ, "ಇವಳಿಗೆ ಇವತ್ತು ನಿದ್ದೆ ಬಂದಿದೆ" ಅಂದರು. ನಾನು ಓಡಿ ಹೋಗಿ ಫಲಕ ನೋಡಿದೆ. ಹಸಿರು. ಕೆಮಿಯಲ್ಲಿ ಹೊರಟಾಗ ಇದ್ದ ಅಂಕಿಯೇ ಲ್ಯೂಬೆಕ್ ಮುಟ್ಟುವವರೆಗೂ ಇತ್ತು, ಒಂದು ಚೂರೂ ಕದಲಲಿಲ್ಲ. ಅದನ್ನು ನೋಡಿದ ಮೇಲೆ ಎಲ್ಲರಿಗೂ ಸಮಾಧಾನವಾಯಿತು.

ಇಲ್ಲಿಂದ ಮತ್ತೆ ಕೆಮಿಗೆ. ಹತ್ತೊಂಬತ್ತಕ್ಕೆ ಮರ ತುಂಬಿಸಿಕೊಂಡು ಹೊರಟರೆ ಕ್ರಿಸ್‌ಮಸ್ ಸಂಜೆಗೆ ಮತ್ತೆ ಲ್ಯೂಬೆಕ್.

ನಿನ್ನ ಸಿಟ್ಟು ಇಳಿದ ದಿನ ಬರಿ.

ಡೀಸಾ


ಮರಿಯೆಹಾಮ್ನ್
16 ಡಿಸೆಂಬರ್

ಡೀಸಾ ಪುಟ್ಟಿ,

ಕೈಗವಸು, ಕರೀ ಬ್ರೆಡ್ಡು, ಶುಂಠಿ ಬಿಸ್ಕತ್ತು ಇದರ ಜೊತೆ ಲ್ಯೂಬೆಕ್ಕಿಗೇ ಕಳಿಸುತ್ತಿದ್ದೇನೆ, ಕ್ರಿಸ್‌ಮಸ್‌ಗೆ ಅಲ್ಲೇ ಇರುತ್ತೀಯ ಅಂತ ಆಫೀಸಿನವರು ಹೇಳಿದರು. ಬಿಸ್ಕತ್ತು ಮುರಿದಿದ್ದರೆ ಪೋಸ್ಟಿನವರನ್ನು ಬೈಯಿ, ನನ್ನನ್ನಲ್ಲ.

ನಿಮ್ಮಪ್ಪ ಯಾಕೆ ಬರೆಯುತ್ತಿಲ್ಲ ಅಂತ ನೀನು ಕೊರಗುತ್ತಿರಬಹುದು. ಅವರಿಗೆ ಏನೂ ಆಗಿಲ್ಲ, ಮುಖ ಊದಿದೆ ಅಷ್ಟೇ. ನಿನ್ನ ನವೆಂಬರಿನ ಕಾಗದ ಓದುತ್ತ ಓದುತ್ತ ಒಂದು ಕಡೆ ನಿಲ್ಲಿಸಿ ಮಡಿಸಿಟ್ಟು, ಹೊರಗೆ ಹೋಗಿ ಸೌದೆ ಒಡೆಯಲು ಶುರು ಮಾಡಿದರು. ಮೂರು ಚಳಿಗಾಲಕ್ಕಾಗುವಷ್ಟು ಸೌದೆ ಒಡೆದಿದ್ದಾರೆ. ಆಫೀಸಿನಿಂದ ನಿನ್ನದೇನೋ ನೋಡಿ ಅಂತ ಕಳಿಸಿದ್ದಾರಂತೆ. ಕಂಪ್ಯೂಟರಿನ ಮುಚ್ಚಳವನ್ನೇ ತೆಗೆದಿಲ್ಲ. "ಮಗು ಕೇಳಿದಾಳೆ, ನೋಡಿ ಒಂದು ಮಾತು ಹೇಳಬಾರದಾ?" ಅಂದೆ. "ಅವಳಿಗೆ ನನ್ನ ಮಾತು ಯಾಕೆ ಬೇಕು, ಎಲ್ಲ ಗೊತ್ತಲ್ಲ" ಅಂದರು. ಗಂಡಸರಿಗೆ ವಯಸ್ಸಾದರೆ ಮಕ್ಕಳಿಗಿಂತ ಕಡೆ.

ತಪ್ಪು ತಿಳಿಯಬೇಡ ಮಗಳೇ. ಆ ಕಿಂಡಿಯನ್ನು ಅವರು ಕೊರೆದದ್ದು ನಿನಗೋಸ್ಕರವೇ. ಆಫೀಸಿನವರು ಬೇಡ, ಖರ್ಚು ಅಂದಿದ್ದರು. ನಾನು ಹೇಳಿದೆ ಅಂತ ಹೇಳಬೇಡ.

ಬೆಚ್ಚಗಿರು.

ಅಮ್ಮ


ಮರಿಯೆಹಾಮ್ನ್
18 ಡಿಸೆಂಬರ್, ತುರ್ತು ಅಂಚೆ, ಕೆಮಿ ಏಜೆಂಟರ ಮೂಲಕ

ಡೀಸಾ,

ಇದನ್ನು ನಿಂತಲ್ಲೇ ಓದು. ಹಡಗು ಹೊರಡುವ ಮೊದಲು ಓದು.

ನಿನ್ನ ಲೂಸಿಯಾ ದಿನದ ಕಾಗದ ಇವತ್ತು ಬೆಳಿಗ್ಗೆ ಬಂತು. ಅಂಕಿ ಒಂದು ಚೂರೂ ಕದಲಲಿಲ್ಲ ಅಂತ ಬರೆದಿದ್ದೀಯ. ಅದು ಸಾಧ್ಯವೇ ಇಲ್ಲ. ತಳದ ಎಣ್ಣೆ ಉರಿದು ಹೋಗುತ್ತದೆ, ಮೇಲೆ ಮಂಜುಗಡ್ಡೆ ಕೂರುತ್ತದೆ, ಮರ ನೀರು ಕುಡಿಯುತ್ತದೆ. ಅಂಕಿ ದಿನದಿನಕ್ಕೂ ಇಳಿಯಲೇಬೇಕು. ಇಳಿಯಲಿಲ್ಲ ಅಂದರೆ ಅದು ಅವತ್ತಿನ ಅಂಕಿ ಅಲ್ಲ.

ಇವತ್ತು ನಿನ್ನ ಸ್ಕ್ರಿಪ್ಟ್ ನೋಡಿದೆ. ಮಿಣಮಿಣ ನಿಲ್ಲಿಸಲು ಸೇರಿಸಿದ ಸಾಲು ಏನು ಹೇಳುತ್ತದೆ ಗೊತ್ತೇ? ಲೆಕ್ಕದಿಂದ ಉತ್ತರ ಬರದಿದ್ದರೆ ಹಿಂದಿನ ಅಂಕಿಯನ್ನೇ ಇಟ್ಟುಕೋ. ಟೈಪ್ ಮಾಡುವ ಅರೆಗಳಿಗೆಗೆ ಅದು ಸರಿ. ಆದರೆ ಮರ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ನೀರು ಕುಡಿದರೆ ಏನಾಗುತ್ತದೆ ಅಂತ ನನ್ನ ಲೆಕ್ಕಕ್ಕೆ ತಿಳಿಯದು. ನಮ್ಮ ಪ್ರಯೋಗ ಹತ್ತಕ್ಕೇ ನಿಂತಿತ್ತು. ಗೊತ್ತಿಲ್ಲದ್ದನ್ನು ಹೇಳಬಾರದು ಅಂತ ನಾನು ಅಲ್ಲಿ ಜಾಗ ಖಾಲಿ ಬಿಡುವ ಹಾಗೆ ಕಟ್ಟಿದ್ದೇನೆ. ನಿನ್ನ ಪಟ್ಟಿ ಹದಿನೈದರವರೆಗೆ ಎಳೆಯಲು ಬಿಡುತ್ತದೆ. ನೀನು ಹದಿಮೂರಕ್ಕೆ ಎಳೆದ ಗಳಿಗೆಯಿಂದ ನನ್ನ ಲೆಕ್ಕ ಬಾಯಿ ಮುಚ್ಚಿತ್ತು. ನೀವೆಲ್ಲ ಹಳೆಯ ಹಸಿರನ್ನು ನೋಡುತ್ತ ಪ್ರಯಾಣ ಮಾಡಿದ್ದೀರಿ.

ಹಡಗಿಗೆ ನಿದ್ದೆ ಬಂದಿರಲಿಲ್ಲ ಮಗಳೇ. ಅದು ಬೀಳುವುದರಲ್ಲಿತ್ತು.

ನಿನಗೆ ಫೋನ್ ಮಾಡಿದೆ. ನನ್ನ ಹೆಸರು ನೋಡಿ ನೀನು ಕತ್ತರಿಸಿದೆ. ಆಫೀಸಿಗೆ ಮಾಡಿದೆ, ಸಂಬಂಧಪಟ್ಟವನು ಜನವರಿಗೆ ಬರುತ್ತಾನಂತೆ. ಅದಕ್ಕೇ ಈಗ ರೌನೋಗೆ ನೇರವಾಗಿ ಫೋನ್ ಮಾಡಿ ಎಲ್ಲ ಹೇಳಿದೆ. ವಸಂತಕ್ಕೆ ನಿನಗೆ ಸಿಗಬೇಕಾದ ಕ್ಯಾಪ್ಟನ್ ಹುದ್ದೆಗೆ ಇದರಿಂದ ಏನಾಗುತ್ತದೆ ಅಂತ ಗೊತ್ತಿದ್ದೇ ಮಾಡಿದೆ. ಬೇಕಾದರೆ ಕ್ಷಮಿಸಬೇಡ. ಫಲಕ ಮುಚ್ಚು, ನನ್ನ ಐದನೆಯ ಕಿಟಕಿ ತೆರೆ. ಅಲ್ಲಿ ಅಂಕಿ ಇದೆಯೋ, ಖಾಲಿಯೋ ನೋಡು. ಖಾಲಿಯಿದ್ದರೆ ಹೊರಡಬೇಡ.

ಅಪ್ಪ


ಕೆಮಿ ಬಂದರು
19 ಡಿಸೆಂಬರ್

ಹೆಲ್ಮರ್ ಗ್ರಾನ್‌ಸ್ಕೋಗ್ ಅವರಿಗೆ,

ಬೆಳಿಗ್ಗೆ ರೌನೋ ನನ್ನನ್ನು ಕರೆದು ಬಾಗಿಲು ಹಾಕಿದರು. "ನಿಮ್ಮಪ್ಪ ಫೋನ್ ಮಾಡಿದ್ದ. ನಿನ್ನ ಫಲಕ ಸುಳ್ಳು ಹೇಳ್ತಿದೆಯಂತೆ. ಅವನ ಸ್ವೀಡಿಷ್ ನಂಗೆ ಅರ್ಧ ತಿಳೀತು, ಅರ್ಧ ಇಲ್ಲ. ನೀನು ಏನಂತೀಯ?" ಅಂದರು.

ಮುಖಕ್ಕೆ ಹೊಡೆದ ಹಾಗಾಯಿತು. ಒಂದು ತಿಂಗಳು ಬಾಯಿ ಮುಚ್ಚಿಕೊಂಡು ಕೂತವನು ಈಗ ನನ್ನ ತಲೆಯ ಮೇಲಿಂದ ನನ್ನ ಕ್ಯಾಪ್ಟನ್ನಿಗೆ ಫೋನ್ ಮಾಡುತ್ತೀಯ! ನನಗೊಂದು ಸಾಲು ಬರೆಯಲು ಕೈ ಬರಲಿಲ್ಲ, ಚಾಡಿ ಹೇಳಲು ಬಾಯಿ ಬಂತು.

ನಾನು ರೌನೋಗೆ ಹೇಳಿದೆ: "ಅಪ್ಪಂಗೆ ಅವರ ಕಿಟಕಿ ಮುಚ್ಚಿ ಹೋಗಿದ್ದಕ್ಕೆ ಹೊಟ್ಟೆಯುರಿ. ಫಲಕ ಸರಿಯಾಗಿದೆ." ಅವರು ನನ್ನ ಮುಖವನ್ನೇ ನೋಡಿದರು. "ಲೆಕ್ಕ ನಿಂದು, ಮಾತೂ ನಿಂದು. ನೀನು ಸರಿ ಅಂದ್ರೆ ಹೊರಡೋಣ" ಅಂದರು. ಸರಿ ಅಂದೆ. ಪಟ್ಟಿ ಹನ್ನೆರಡರಲ್ಲಿದೆ, ಅಂಕಿ ಹಸಿರಿದೆ.

ನಿನ್ನ ತುರ್ತು ಕಾಗದ ಏಜೆಂಟ್ ಈಗ ತಂದುಕೊಟ್ಟ. ಒಡೆದಿಲ್ಲ. ಒಡೆಯುವುದೂ ಇಲ್ಲ. ಏಣಿ ಎತ್ತುತ್ತಿದ್ದಾರೆ, ಇದನ್ನು ಅವನ ಕೈಗೇ ಕೊಡುತ್ತಿದ್ದೇನೆ.

ಡೀಸಾ ಗ್ರಾನ್‌ಸ್ಕೋಗ್
ಚೀಫ್ ಮೇಟ್


ಮರಿಯೆಹಾಮ್ನ್
21 ಡಿಸೆಂಬರ್

ಡೀಸಾ,

ನಿನ್ನ ಕಾಗದ ಇವತ್ತು ಬಂತು. ಹೊರಟುಬಿಟ್ಟಿದ್ದೀಯ.

ಇದನ್ನು ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಹಡಗಿನ ಫೋನ್ ಹೋಗುತ್ತಿಲ್ಲ. ಕರಾವಳಿ ರೇಡಿಯೊದವರು, "ಆ ಕಡೆ ಗಾಳಿ ಜೋರಿದೆ, ನಿನ್ನೆಯಿಂದ ಆ ಹಡಗಿನವರು ಮಾತಾಡಿಲ್ಲ. ಮಾತಾಡಿಲ್ಲ ಅಂದ್ರೆ ತೊಂದರೆ ಇಲ್ಲ ಅಂತ್ಲೇ ಅರ್ಥ, ಚಿಂತೆ ಮಾಡಬೇಡಿ" ಅಂದರು. ಅವರ ಮೇಲೆ ಕಿರುಚಿದೆ. ನಿನ್ನ ಅಮ್ಮ ಫೋನ್ ಕಿತ್ತುಕೊಂಡು ಅವರ ಕ್ಷಮೆ ಕೇಳಿದಳು.

ಆಗಿನಿಂದ ಅವಳು ಒಲೆಯ ಮುಂದೆ ಕೂತಿದ್ದಾಳೆ. ನಾನು ಪರದೆಯ ಮೇಲೆ ನಿನ್ನ ಆ ಸಾಲನ್ನೇ ನೋಡುತ್ತ ಕೂತಿದ್ದೇನೆ.

ಕಾಗದ ಒಡಿ ಡೀಸಾ. ಒಡೆದು ನೋಡು.

ಅಪ್ಪ


ವಾಸಾ ಬಂದರು
27 ಡಿಸೆಂಬರ್

ಅಪ್ಪಾ,

ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿದೆ, ಬದುಕಿದ್ದೇವೆ ಅಂತ ನಿನಗೆ ಗೊತ್ತು. ನಿನ್ನ ಹತ್ತಿರ ಮಾತಾಡಲು ಆಗಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇಪ್ಪತ್ತರ ಮಧ್ಯಾಹ್ನ ಕ್ವಾರ್ಕೆನ್ ಜಲಸಂಧಿಯ ಹತ್ತಿರ ಬಂದಿದ್ದೆವು. ಈಶಾನ್ಯದ ಗಾಳಿ. ಸಿಡಿದ ನೀರು ಬಿದ್ದಲ್ಲೇ ಕಲ್ಲಾಗುತ್ತಿತ್ತು. ಒದ್ದೆ ಕಾಲುಚೀಲ ಬದಲಿಸಲು ಕ್ಯಾಬಿನ್‌ಗೆ ಇಳಿದೆ. ಹಡಗು ಎಡಕ್ಕೆ ವಾಲಿತು. ಹಾಸಿಗೆ ಹಿಡಿದುಕೊಂಡು ಅದು ಏಳುವುದನ್ನು ಕಾದೆ. ಏಳಲು ತುಂಬ ಹೊತ್ತು ತೆಗೆದುಕೊಂಡಿತು ಅಪ್ಪಾ. ನಿನ್ನ ಕಾಗದ ಕೋಟಿನ ಜೇಬಿನಲ್ಲೇ ಇತ್ತು. ಒಡೆದೆ.

ಪೂರ್ತಿ ಓದಲಿಲ್ಲ. "ಇಳಿಯಲಿಲ್ಲ ಅಂದರೆ ಅದು ಅವತ್ತಿನ ಅಂಕಿ ಅಲ್ಲ" ಅನ್ನುವಲ್ಲಿಗೇ ಎದ್ದು ಓಡಿದೆ. ಫಲಕ ಮುಚ್ಚಿ ನಿನ್ನ ಐದನೆಯ ಕಿಟಕಿ ತೆರೆದೆ. ಕೆಳಮೂಲೆ. ಖಾಲಿ.

ಮೆಟ್ಟಿಲು ಹತ್ತಿ ಬ್ರಿಜ್‌ಗೆ, ಹಡಗು ನಡೆಸುವ ಕೋಣೆಗೆ, ಹೋದೆ. ರೌನೋ ತಿರುಗಿ ನೋಡಿದರು.

"ನನ್ನ ಅಂಕಿ ಸುಳ್ಳು" ಅಂದೆ.

"ಎಷ್ಟು ಸುಳ್ಳು?"

"ಗೊತ್ತಿಲ್ಲ. ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಅಪ್ಪನ ಲೆಕ್ಕಕ್ಕೂ ಗೊತ್ತಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈಗ ತಿರುಗಿಸಿದ್ರೆ ಅಡ್ಡಗಾಳಿಗೆ ಸಿಗ್ತೀವಿ. ತಿರುಗಿಸದಿದ್ರೆ ಐಸು ಏರ್ತಾನೇ ಇರತ್ತೆ. ಹೇಳು, ಚೀಫ್" ಅಂದರು.

"ಮೊದಲು ತಳದ ಟ್ಯಾಂಕಿಗೆ ನೀರು ತುಂಬಿಸಿ ತೂಕ ಕೆಳಗಿಳಿಸೋಣ. ಚಿಕ್ಕದನ್ನ ಮೊದಲು, ಒಂದೊಂದೇ. ಅರ್ಧ ತುಂಬಿದ್ದು ಆ ಕಡೆ ಈ ಕಡೆ ಓಡಾಡಿದ್ರೆ ಇನ್ನೂ ಕೆಡುತ್ತೆ. ಆಮೇಲೆ ತಿರುಗಿಸೋಣ."

ಒಂದು ಟ್ಯಾಂಕು ತುಂಬಿತು. ಎರಡನೆಯದು ತುಂಬುತ್ತಿರುವಾಗ ದೊಡ್ಡ ಅಲೆಯೊಂದು ಬಂದು ಹಡಗು ಮತ್ತೆ ಎಡಕ್ಕೆ ಮಲಗಿತು. ಮಲಗಿ ಅಲ್ಲೇ ಕೂತಿತು. ಮೇಜಿನ ಮೇಲಿದ್ದದ್ದೆಲ್ಲ ನೆಲಕ್ಕೆ ಬಿತ್ತು. ರೌನೋ ಕಿಟಕಿಯ ಕಂಬಿಯನ್ನು ತಬ್ಬಿಕೊಂಡು, "ಏಳೇ ಮುದುಕಿ, ಏಳೇ ನಮ್ಮಮ್ಮ" ಅಂತ ಹಡಗಿಗೆ ಹೇಳುತ್ತಿದ್ದರು. ನಾನು ನಿನ್ನನ್ನು ಕರೆದೆ. ಜೋರಾಗಿಯೇ ಕರೆದೆನಂತೆ, ಆಮೇಲೆ ಹೇಳಿದರು. ಅದು ಎದ್ದಿತು. ಇಷ್ಟಿಷ್ಟೇ ಎದ್ದಿತು.

ದ್ವೀಪಗಳ ಮರೆಗೆ ಬಂದು ಲಂಗರು ಹಾಕಿದೆವು. ಅಡುಗೆಯವನೂ ಸೇರಿ ಎಲ್ಲರೂ ಮರದ ಸುತ್ತಿಗೆ ಹಿಡಿದು ಐಸು ಒಡೆದೆವು. ಆಂಟೆನಾಕ್ಕೆ ಐಸು ಹತ್ತಿ ರೇಡಿಯೊ ಸತ್ತಿತ್ತು, ಮರುದಿನ ಸಂಜೆಯ ಹೊತ್ತಿಗೆ ಅದಕ್ಕೆ ಜೀವ ಬಂದಾಗ ನಮ್ಮ ಉಳಿದ ಮೂರೂ ಹಡಗಿಗೆ ನಾನೇ ಹೇಳಿದೆ: ನನ್ನ ಫಲಕ ಮುಚ್ಚಿ, ಒಳಗಿನ ಕಿಟಕಿ ನೋಡಿ. ಒಂದು ಹಡಗು ಕೊಕ್ಕೊಲಾ ಬಂದರಿನಲ್ಲಿ ಹಗ್ಗ ಬಿಚ್ಚುವುದರಲ್ಲಿತ್ತು. ಅವರದೂ ಖಾಲಿ. ಅವರು ಹೊರಡಲಿಲ್ಲ.

ಆಫೀಸಿನವನು ರಜೆಯಿಂದಲೇ ಫೋನ್ ಮಾಡಿದ. ನಾನು ಬರೆದದ್ದು, ನಾನೇ ಸರಿ ಅಂದದ್ದು ಅಂತ ಹೇಳಿದೆ. ಅವನು ಹೇಳಿದ: "ನಿಮ್ಮ ತಂದೆಯವರಿಗೂ ನವೆಂಬರಿನಲ್ಲೇ ಕಳಿಸಿದ್ವಿ. ಅವರು ಏನೂ ಹೇಳಲಿಲ್ಲ, ಹಾಗಾಗಿ ಹಾಕಿದ್ವಿ." ವಸಂತದ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನ್ನ ತಪ್ಪು ನನಗೆ ಗೊತ್ತು. ಹನ್ನೊಂದು ಜನರನ್ನು ಹೊತ್ತುಕೊಂಡು ಸಿಟ್ಟಿಗೆ ಸರಿ ಅಂದೆ. ಅದನ್ನು ನಾನೇ ಹೊರುತ್ತೇನೆ. ಆದರೆ ಒಂದನ್ನು ಕೇಳಲೇಬೇಕು. "ಇವತ್ತು ನೋಡಿದೆ" ಅಂತ ಹದಿನೆಂಟಕ್ಕೆ ಬರೆದಿದ್ದೀಯ. ಅಷ್ಟು ದಿನ ಅದು ನಿನ್ನ ಮೇಜಿನ ಮೇಲಿತ್ತು. ಯಾಕೆ ಅಪ್ಪಾ?

ಡೀಸಾ


ಮರಿಯೆಹಾಮ್ನ್
4 ಜನವರಿ 2014

ನನ್ನ ಡೀಸಾ,

ಯಾಕೆ ಅಂತ ಕೇಳಿದ್ದೀಯ. ಉತ್ತರ ಚಿಕ್ಕದು, ಬರೆಯಲು ಮಾತ್ರ ಕೈ ಏಳಲಿಲ್ಲ. ಹೊಟ್ಟೆಯುರಿ. ನೀನು ರೌನೋಗೆ ಹೇಳಿದ ಮಾತು ನಿಜ, ಆದರೆ ಅದು ಇದ್ದದ್ದು ನನ್ನ ಫೋನಿನಲ್ಲಲ್ಲ, ಅಷ್ಟು ದಿನ ನಾನು ನೋಡದೆ ಕೂತದ್ದರಲ್ಲಿ.

ನನ್ನ ಕಿಟಕಿಗಳನ್ನು ಯಾರೂ ತೆರೆಯುವುದಿಲ್ಲ ಅಂತ ಬರೆದಿದ್ದೆಯಲ್ಲ, ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ. ನನ್ನ ಇಡೀ ಜೀವಮಾನದ ಕೆಲಸವನ್ನು ಮಗಳು ಒಂದು ವಾರದ ಊಟದ ಹೊತ್ತಿನಲ್ಲಿ ಮುಚ್ಚಿಹಾಕಿದಳು ಅನ್ನಿಸಿತು. ನೋಡಿದರೆ ಚೆನ್ನಾಗಿರುತ್ತದೆ ಅಂತ ಗೊತ್ತಿತ್ತು, ಅದಕ್ಕೇ ನೋಡಲಿಲ್ಲ. ತೆರೆದಿದ್ದರೆ ಕಾಫಿ ಆರುವುದರೊಳಗೆ ಆ ಸಾಲು ಕಣ್ಣಿಗೆ ಬೀಳುತ್ತಿತ್ತು. ನಿಮ್ಮನ್ನೆಲ್ಲ ನೀರಿಗೆ ಹಾಕುವಂಥದ್ದು ನನ್ನ ಮನೆಯಲ್ಲೇ ಕೂತಿತ್ತು, ನಾನು ಹೊರಗೆ ಸೌದೆ ಒಡೆಯುತ್ತಿದ್ದೆ. ಇದನ್ನೇ ಆಫೀಸಿಗೂ ಬರೆದು ಹಾಕಿದ್ದೇನೆ, ಹೀಗೇ, ಒಂದಕ್ಷರ ಮೃದು ಮಾಡದೆ. ನಿನ್ನ ವಸಂತ ಅದರಿಂದ ಉಳಿಯುತ್ತದೋ ಇಲ್ಲವೋ ತಿಳಿಯದು.

ಒಳಗಿನ ಲೆಕ್ಕವನ್ನು ಮತ್ತೆ ಕಟ್ಟುತ್ತಿದ್ದೇನೆ. ಗೊತ್ತಿಲ್ಲದಿದ್ದರೆ ಇನ್ನು ಮುಂದೆ ಅದು ಖಾಲಿ ಬಿಡುವುದಿಲ್ಲ. "ನನಗೆ ಗೊತ್ತಿಲ್ಲ" ಅಂತ ಪರದೆಯ ಉದ್ದಗಲಕ್ಕೂ ಕೆಂಪಗೆ ಬರೆಯುತ್ತದೆ. ಯಾರ ಸ್ಕ್ರಿಪ್ಟೂ ಅದನ್ನು ನುಂಗುವ ಹಾಗಿಲ್ಲ. ಖಾಲಿ ಬಿಡುವುದು ಪ್ರಾಮಾಣಿಕತೆ ಅಂತ ಇಷ್ಟು ವರ್ಷ ಎದೆಯುಬ್ಬಿಸಿಕೊಂಡಿದ್ದೆ. ನಿನ್ನ ಪಟ್ಟಿಗಳನ್ನು ಹತ್ತಕ್ಕೆ ನಿಲ್ಲಿಸಿ, ಆ ಒಂದು ಸಾಲು ತೆಗೆದು, ಫಲಕವನ್ನು ಹಾಗೇ ಉಳಿಸಿದ್ದೇನೆ. ಬೇರೇನೂ ಮುಟ್ಟಿಲ್ಲ, ಮುಟ್ಟುವಂಥದ್ದೇನೂ ಇರಲಿಲ್ಲ. ಬಾಗಿಲಲ್ಲಿ ನಿಂತು ಓದಿ ನೋಡಿದೆ. ಅಡುಗೆಮನೆಯಿಂದಲೂ ಓದಿದೆ, ಕನ್ನಡಕವಿಲ್ಲದೆ. ಚೆನ್ನಾಗಿದೆ ಡೀಸಾ. ನಾನು ಮಾಡಿದ್ದಕ್ಕಿಂತ ಚೆನ್ನಾಗಿದೆ.

ನನಗೂ ವಯಸ್ಸಾಯಿತು. ಸಿಟ್ಟು ಇನ್ನೂ ಬರುತ್ತದೆ, ಮುಖ ಇನ್ನೂ ಊದುತ್ತದೆ, ಅದನ್ನು ಮಾತ್ರ ಮತ್ತೆ ಕಟ್ಟಲು ನನಗೆ ಬರುವುದಿಲ್ಲ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಇನ್ನು ಯಾವತ್ತಾದರೂ ನಿನ್ನ ಕಾಗದಕ್ಕೆ ನನ್ನಿಂದ ಉತ್ತರ ಬರದಿದ್ದರೆ, ಅಪ್ಪ ಒಪ್ಪಿದ್ದಾನೆ, ಅಪ್ಪ ಚೆನ್ನಾಗಿದ್ದಾನೆ ಅಂತ ತಿಳಿದುಕೊಳ್ಳಬೇಡ. ಫೋನ್ ಮಾಡು. ಎತ್ತದಿದ್ದರೆ ಮನೆಗೆ ಬಂದು ಬಾಗಿಲು ಬಡಿ. ತೆರೆಯುವವರೆಗೂ ಬಡಿ.

ಅಪ್ಪ